ಚೊಚ್ಚಲ ಅಪ್ಪ

ಮೊದಲ ಸಲ ಅಪ್ಪನಾಗಲಿರುವ ಗಂಡಸಿಗೆ ಬರುವ ಬುದ್ಧಿಮಾತುಗಳಲ್ಲಿ ಮುಕ್ಕಾಲುಪಾಲು ಅವನಿಗೆ ಸೇರಿದ್ದಲ್ಲ. ಪಪ್ಪಾಯಿ ತಿನ್ನಬಾರದು, ಗ್ರಹಣದ ಹೊತ್ತು ಹೊರಗೆ ಕಾಲಿಡಬಾರದು, ಹಾಲಿಗೆ ಕೇಸರಿ ಹಾಕಿಕೊಂಡು ಕುಡಿಯಬೇಕು, ಎಡಮಗ್ಗುಲಿಗೆ ಮಲಗಬೇಕು: ಇವೆಲ್ಲ ಅವನ ಕಿವಿಗೆ ಬೀಳುವುದು ಹೆಂಡತಿಗೆ ತಲುಪಿಸಲಿ ಎಂದು. ಅವಳಿಗೆ ಅಷ್ಟರಲ್ಲಿ ಅತ್ತೆ, ಅಮ್ಮ, ಮಹಡಿ ಮನೆಯವರು ಮೂವರೂ ಹೇಳಿ ಮುಗಿಸಿರುತ್ತಾರೆ. ಅದನ್ನೇ ನಾಲ್ಕನೆಯವನಾಗಿ ಹೇಳಿದ ಗಂಡನಿಗೆ ಸಿಗುವ ನೋಟ ಮಾತ್ರ ಹೊಸದು. ಅವನಿಗೆಂದೇ ಮೀಸಲಾದ ಸಲಹೆ ಒಂದೇ ಒಂದು: ‘ಈಗ್ಲೇ ನಿದ್ದೆ ಮಾಡ್ಬಿಡಪ್ಪ, ಆಮೇಲೆ ಆಗಲ್ಲ.’ ಎರಡು ಮಕ್ಕಳ ತಂದೆಯಾದ ಸಹೋದ್ಯೋಗಿ ಇದನ್ನು ಕಾಫಿ ಲೋಟ ಹಿಡಿದು, ಒಂಥರಾ ಸಂತೋಷದಿಂದ ಹೇಳುತ್ತಾನೆ. ನಿದ್ದೆಯನ್ನು ಮುಂಗಡವಾಗಿ ಕೂಡಿಡುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲವಾದ್ದರಿಂದ ಈ ಸಲಹೆ ಪಾಲಿಸಿ ಉದ್ಧಾರವಾದವರೂ ಇಲ್ಲ, ಪಾಲಿಸದೆ ಕೆಟ್ಟವರೂ ಇಲ್ಲ.

ಹಳಬರು ಅವನನ್ನು ಇಷ್ಟು ಸಲೀಸಾಗಿ ಬಿಟ್ಟಿರಲಿಲ್ಲ. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಗರ್ಭಿಣಿಯ ಗಂಡನಿಗೇ ಬೇರೆ ನಿಯಮಗಳಿವೆ. ಕ್ಷೌರ ಮಾಡಿಸಿಕೊಳ್ಳಬಾರದು, ಸಮುದ್ರಸ್ನಾನ ಕೂಡದು, ಹೆಣಕ್ಕೆ ಹೆಗಲು ಕೊಡಬಾರದು, ದೂರದ ಯಾತ್ರೆಗೆ ಹೊರಡಬಾರದು. ಕೆಲವು ಮನೆಗಳಲ್ಲಿ ಕಾಯಿ ಒಡೆಯುವುದೂ ಈ ಪಟ್ಟಿಗೆ ಸೇರಿಕೊಂಡಿದೆ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವ ಗೌರವ ಪಕ್ಕದ ಮನೆಯ ಹುಡುಗನ ಪಾಲಾಗುತ್ತದೆ. ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಗಡ್ಡ ಬಿಟ್ಟವನನ್ನು ಕಂಡರೆ ಅಯ್ಯಪ್ಪನ ಮಾಲೆಯೋ, ಮನೆಯಲ್ಲಿ ವಿಶೇಷವೋ ಎಂದು ಕೇಳುವವರು ಈಗಲೂ ಉಂಟು. ಗಂಡ ಮನೆಯ ಹತ್ತಿರವಿರಲಿ, ಅಪಾಯದಿಂದ ದೂರವಿರಲಿ ಎಂಬುದು ಇದರ ತಾತ್ಪರ್ಯವಾದರೆ ಇಂದಿನ ವೈದ್ಯರೂ ಒಪ್ಪಿ ಸಹಿ ಹಾಕಿಯಾರು. ಕ್ಷೌರದ ವಿಷಯದಲ್ಲಿ ಮಾತ್ರ ಯಾವ ಸಮರ್ಥನೆಯೂ ಹೊಳೆಯುವುದಿಲ್ಲ.

ಇಷ್ಟೊಂದು ಬಾರದುಗಳ ನಡುವೆ ಶಾಸ್ತ್ರ ಅವನಿಗೆ ವಹಿಸಿದ ಕೆಲಸವೂ ಒಂದಿದೆ: ಬಸುರಿಯ ಬಯಕೆ ತೀರಿಸುವುದು. ಒಂದು ಕಾಲಕ್ಕೆ ಇದು ಸಾಹಸವಾಗಿತ್ತು. ಮಾರ್ಗಶಿರದ ಚಳಿಯಲ್ಲಿ ಮಾವಿನಕಾಯಿ ಬೇಕೆಂದರೆ ಊರೂರು ತಿರುಗಬೇಕಿತ್ತು, ತಿರುಗಿದ ಕಥೆಯನ್ನು ಮುಂದಿನ ಮೂವತ್ತು ವರ್ಷ ಹೇಳಿಕೊಳ್ಳಬಹುದಿತ್ತು. ಈಗ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೂ ಆ್ಯಪ್ ಒತ್ತಿದರೆ ಹುಡುಗನೊಬ್ಬ ಬಾಗಿಲಿಗೆ ತಂದುಕೊಡುತ್ತಾನೆ. ಗಂಡನ ಪರಾಕ್ರಮ ಲಿಫ್ಟಿನಲ್ಲಿ ಕೆಳಗಿಳಿದು ಬರುವಷ್ಟಕ್ಕೆ ಮುಗಿಯುತ್ತದೆ. ಬಯಕೆ ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿಯ ಕಡೆ ತಿರುಗಿದರೆ ಮಾತು ಬೇರೆ. ಕಾಳಿದಾಸನ ರಘುವಂಶದಲ್ಲಿ ಸುದಕ್ಷಿಣೆ ಬಸುರಿನಲ್ಲಿ ಮಣ್ಣು ತಿನ್ನುತ್ತಾಳೆ. ಬಹುಕಾಲ ಮಕ್ಕಳಿಲ್ಲದೆ ಕೊರಗಿ ಮೊದಲ ಸಲ ಅಪ್ಪನಾಗಲಿದ್ದ ದಿಲೀಪ ಮಹಾರಾಜ ಅವಳ ಬಾಯಿಯ ಮಣ್ಣಿನ ಕಂಪನ್ನು ಎಷ್ಟು ಮೂಸಿದರೂ ತಣಿಯಲಿಲ್ಲವಂತೆ. ಕಾವ್ಯಕ್ಕೆ ಅದು ಸರಿ. ಮಣ್ಣಿನ ಮೇಲೆ ಆಸೆ ಹುಟ್ಟುವುದು ಅನೇಕ ವೇಳೆ ರಕ್ತಹೀನತೆಯ ಸೂಚನೆ. ಇಂದಿನ ದಿಲೀಪರು ಮೂಸುತ್ತ ಕೂರದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಮಾತ್ರೆ ತಂದುಕೊಡುವುದು ಮೇಲು. ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂಬುದನ್ನೂ ತಿಳಿದಿರಬೇಕು. ನಮ್ಮ ಕಡೆ ಎಲ್ಲ ಮಾತ್ರೆಗಳೂ ಕಾಫಿಯ ಸುತ್ತಮುತ್ತಲೇ ಒಳಗೆ ಹೋಗುತ್ತವೆ.

ಲೆಕ್ಕದ ಗೊಂದಲ ಮೊದಲ ತಿಂಗಳಿಂದಲೇ ಶುರು. ಅಜ್ಜಿಯರು ತಿಂಗಳಲ್ಲಿ ಎಣಿಸುತ್ತಾರೆ, ವೈದ್ಯರು ವಾರದಲ್ಲಿ. ವೈದ್ಯರ 40 ವಾರ ಕೊನೆಯ ಮುಟ್ಟಿನ ಮೊದಲ ದಿನದಿಂದ ಆರಂಭವಾಗುವುದರಿಂದ ಮೊದಲ ಎರಡು ವಾರಗಳಲ್ಲಿ ಮಗುವಿನ ಸುಳಿವೇ ಇರುವುದಿಲ್ಲ. ಇದು ತಲೆಗೆ ಹತ್ತುವಷ್ಟರಲ್ಲಿ ಗಂಡನಿಗೆ ಎರಡನೆಯ ತ್ರೈಮಾಸಿಕ ಬಂದಿರುತ್ತದೆ. ಹೀಗೆ ಎಣಿಸಿ ಬರೆದುಕೊಡುವ ಹೆರಿಗೆಯ ದಿನಾಂಕಕ್ಕೆ ಮುಂಗಾರು ಕೇರಳ ಮುಟ್ಟುವ ದಿನಾಂಕಕ್ಕಿರುವಷ್ಟೇ ಬೆಲೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಆದ್ದರಿಂದ ಆ ದಿನಾಂಕವನ್ನು ಬಂಧುಬಳಗಕ್ಕೆ ಹೇಳದಿರುವುದು ಜಾಣತನ. ಹೇಳಿದರೆ ಅಂದು ಬೆಳಗ್ಗೆ ಆರರಿಂದ ‘ಏನಾಯ್ತು?’ ಎಂಬ ಫೋನುಗಳು ಆರಂಭವಾಗಿ, ಏನೂ ಆಗಿಲ್ಲವೆಂಬುದೇ ಅವನ ತಪ್ಪು ಎನ್ನುವ ದನಿಯಲ್ಲಿ ಮುಗಿಯುತ್ತವೆ. ‘ಆಷಾಢ ಕಳೆದ ಮೇಲೆ’ ಎಂದುಬಿಟ್ಟರೆ ಸಾಕು. ಯಾರೂ ಹೆಚ್ಚಿಗೆ ಕೇಳುವುದಿಲ್ಲ.

ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕವಿರುತ್ತದೆ, ಕಾಯ್ದೆ 1994ರದು. ಗಂಡೋ ಹೆಣ್ಣೋ ಎಂದು ಕಣ್ಣಲ್ಲೇ ಕೇಳುವುದೂ ಬೇಡ. ಹೊಟ್ಟೆಯ ಆಕಾರ ನೋಡಿ ಹೇಳಿಬಿಡುವ ನೆರೆಹೊರೆಯವರನ್ನು ಕಾಯ್ದೆ ಮುಟ್ಟುವುದಿಲ್ಲ, ಅವರ ಭವಿಷ್ಯ ಸರಿಸುಮಾರು ಅರ್ಧಕ್ಕರ್ಧ ನಿಜವೂ ಆಗುತ್ತದೆ. ಅಲ್ಲಿ ಪರದೆಯ ಮೇಲೆ ಕಾಣುವುದು ಬೂದು ಮಸುಕಷ್ಟೇ. ಕಂಡಿತು ಕಂಡಿತು ಎಂದು ತಲೆಯಾಡಿಸುವ ಅಪ್ಪಂದಿರಲ್ಲಿ ಹಲವರು ನೋಡುತ್ತಿರುವುದು ಮಗುವಿನ ಮಂಡಿ. ಅವನದೇ ಎನ್ನುವ ಪರೀಕ್ಷೆ ಒಂದಿದೆ. ಹೆಂಡತಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅವನದೂ ತಿಳಿದಿರಬೇಕು. ಅಪ್ಪನ ಕಡೆಯಿಂದ ಮಗುವಿಗೆ ಪಾಸಿಟಿವ್ ಬಂದರೆ ತಾಯಿಗೆ ಹೆರಿಗೆಯಾಗಿ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಬಸುರಿಗೆ ತಿಂಗಳಿಗೊಮ್ಮೆ ರಕ್ತ ತೆಗೆಯುವುದನ್ನು ನೋಡುತ್ತ ಕುಳಿತವನು ತನ್ನ ಒಂದೇ ಒಂದು ಸೂಜಿಗೆ ಮುಖ ತಿರುಗಿಸಿಕೊಳ್ಳುವ ದೃಶ್ಯ ಎಲ್ಲ ಲ್ಯಾಬುಗಳಿಗೂ ಪರಿಚಿತ.

ಏಳನೆಯ ತಿಂಗಳಿಗೆ ಸೀಮಂತ; ಉತ್ತರ ಕರ್ನಾಟಕದಲ್ಲಿ ಕುಬಸ. ಹಸಿರು ಬಳೆ, ಹಸಿರು ಸೀರೆ, ಮಡಿಲು ತುಂಬುವುದು, ಆರತಿ. ಹೆಂಗಸರ ಈ ಹಬ್ಬದಲ್ಲಿ ಗಂಡನ ಪಾತ್ರ ಕುರ್ಚಿ ಸಾಗಿಸುವುದು ಮತ್ತು ಐಸ್‌ಕ್ರೀಮ್ ಕಡಿಮೆ ಬೀಳುತ್ತದೆಯೇ ನೋಡಿಕೊಳ್ಳುವುದು. ಅದು ಮುಗಿದ ಮೇಲೆ ಹೆಂಡತಿ ತವರಿಗೆ ಹೊರಡುತ್ತಾಳೆ. ಚೊಚ್ಚಲ ಹೆರಿಗೆ, ಬಾಣಂತನ ಎರಡೂ ತವರಿನ ಹಕ್ಕು; ಮಗು ಅಪ್ಪನ ಮನೆಗೆ ಬರುವುದು ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ. ಈ ಏರ್ಪಾಡಿನ ಹಿಂದೆ ಬಹಳ ತಿಳಿವಳಿಕೆಯಿದೆ. ಹೆತ್ತವಳಿಗೆ ಸಂಕೋಚವಿಲ್ಲದೆ ಅಳುವ, ಮಲಗುವ, ಸಿಡುಕುವ ಮನೆ ಅದೊಂದೇ. ಆದರೆ ಇದರಲ್ಲಿ ಅಪ್ಪನಿಗೆ ಜಾಗವನ್ನೇ ಇಟ್ಟಿಲ್ಲ.

ಮಾವನ ಮನೆಯಲ್ಲಿ ಅವನು ಮೊದಲು ಅಳಿಯ. ಹೋದೊಡನೆ ಕಾಲಿಗೆ ನೀರು, ಕುರ್ಚಿ, ಫ್ಯಾನು, ಎರಡು ಬಗೆ ಪಲ್ಯ. ಮಗು ಅತ್ತರೆ ಅವನು ಎದ್ದು ನಿಲ್ಲುತ್ತಾನೆ, ಅಷ್ಟರಲ್ಲಿ ಅತ್ತೆಯೋ ನಾದಿನಿಯೋ ಎತ್ತಿಕೊಂಡು ಒಳಗೆ ಹೋಗಿರುತ್ತಾರೆ, ಅವನು ಕೂರುತ್ತಾನೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸಿಗೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋದವನ ಪಾಡು ಇನ್ನೂ ಚೆಂದ. ದಿನಕ್ಕೆ ಹದಿನಾರು ಗಂಟೆ ಮಲಗುವ ಕೂಸು ಶನಿವಾರ ಅವನು ಸ್ನಾನ ಮಾಡುವಾಗ ಎದ್ದಿದ್ದು ಊಟ ಮಾಡುವಾಗ ಮಲಗುತ್ತದೆ. ಭಾನುವಾರ ರಾತ್ರಿ ಬ್ಯಾಗು ಹೆಗಲಿಗೇರಿಸಿದ ಕೂಡಲೇ ಕಣ್ಣು ಬಿಡುತ್ತದೆ. ‘ನೋಡಿ, ಅಪ್ಪನ ದನಿ ಗೊತ್ತಾಯ್ತು’ ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಅದು ಬರೀ ಸಮಾಧಾನವೂ ಅಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹೊರಗಿನ ದನಿ ಮಗುವಿಗೆ ಕೇಳುತ್ತದೆ; ಹೊಟ್ಟೆಯ ಹತ್ತಿರ ಕುಳಿತು ದಿನಪತ್ರಿಕೆಯನ್ನಾದರೂ ಗಟ್ಟಿಯಾಗಿ ಓದಿದ ಗಂಡಂದಿರು ನಗೆಪಾಟಲಾದರೂ ನಷ್ಟಪಟ್ಟಿಲ್ಲ.

ಹೆರಿಗೆಯ ಹೊತ್ತಿಗೆ ಅವನು ಊರಿನಲ್ಲಿದ್ದರೆ ಅದೃಷ್ಟ. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆ ಮೀರಿ ಎಳೆಯುವುದು ಸಾಮಾನ್ಯವಾದ್ದರಿಂದ ಸಿನಿಮಾದಲ್ಲಿ ತೋರಿಸುವ ಹಾಗೆ ಕಾರನ್ನು ಪಾದಚಾರಿ ಮಾರ್ಗದ ಮೇಲೆ ಹತ್ತಿಸುವ ಅಗತ್ಯ ಅಪರೂಪ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಒದೆತ ಕಡಿಮೆಯಾಯಿತೆನ್ನಿಸಿದರೆ ಕಾಯಬಾರದು. 108ರ ವಾಹನಕ್ಕೆ ಮನೆಯ ಗುರುತು ಹೇಳುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರುವುದು ಒಳ್ಳೆಯದು. ‘ಗಣಪತಿ ದೇವಸ್ಥಾನದ ಹತ್ತಿರ’ ಎಂಬ ಗುರುತು ಕರ್ನಾಟಕದಲ್ಲಿ ಯಾವ ಮನೆಗೂ ಸಲ್ಲುತ್ತದೆ. ಕಡತ, ತಾಯಿ ಕಾರ್ಡ್, ಆಧಾರ್, ಮೊಬೈಲಿನ ಚಾರ್ಜರ್, ಹಳೆಯ ಮೆತ್ತನೆ ಪಂಚೆಯ ತುಂಡುಗಳು ಒಂದೇ ಚೀಲದಲ್ಲಿರಬೇಕು, ಆ ಚೀಲ ಎಲ್ಲಿದೆಯೆಂದು ಅವನಿಗೂ ಗೊತ್ತಿರಬೇಕು. ಹೆರಿಗೆ ಕೋಣೆಯೊಳಗೆ ಬಿಡುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಬಿಡಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿತು. ಸಂಗಾತಿಯೆಂದರೆ ಹೆರಿಗೆಯ ಅನುಭವವಿರುವ ಹೆಂಗಸು. ಬೇರೆ ತಾಯಂದಿರಿಗೆ ಮರೆಯ ವ್ಯವಸ್ಥೆಯಿರುವ ಕಡೆ ಗಂಡನೂ ಆಗಬಹುದು. ಒಳಗೆ ಹೋದವನು ಮಾಡಬೇಕಾದ್ದು ಕೈ ಹಿಡಿದು ನಿಲ್ಲುವುದು, ನೀರು ಕೊಡುವುದು, ಬೈಸಿಕೊಳ್ಳುವುದು. ಆ ಹೊತ್ತಿನ ಬೈಗುಳ ಲೆಕ್ಕಕ್ಕಿಲ್ಲ.

ಹುಟ್ಟಿದ ಕೂಸು ಕ್ಯಾಲೆಂಡರಿನ ಬಾಲಕೃಷ್ಣನಾಗಿರುವುದಿಲ್ಲ. ಉಬ್ಬಿದ ರೆಪ್ಪೆ, ಸುಕ್ಕು ಹಣೆ, ಮೈಮೇಲೆ ಬಿಳಿ ಲೇಪ, ಕೆಲವೊಮ್ಮೆ ಕೋಸುತಲೆ. ತಲೆ ಕೆಲವೇ ದಿನಗಳಲ್ಲಿ ದುಂಡಗಾಗುತ್ತದೆ. ಮೂಗು ಯಾರದು ಎಂಬ ಚರ್ಚೆ ಮಾತ್ರ ಎರಡು ಕುಟುಂಬಗಳ ನಡುವೆ ವರ್ಷಗಟ್ಟಲೆ ನಡೆಯುತ್ತದೆ. ಮೊದಲ ದಿನಗಳಲ್ಲಿ ತೂಕ ಹತ್ತನೆಯ ಒಂದು ಪಾಲಿನವರೆಗೂ ಇಳಿಯಬಹುದು, ಎರಡು ವಾರದೊಳಗೆ ಮರಳಿ ಬರುತ್ತದೆ. ಎರಡು ಮೂರನೆಯ ದಿನ ಮೈ ತುಸು ಹಳದಿಯಾಗುವುದೂ ಬಹುತೇಕ ಮಕ್ಕಳಿಗೆ ಉಂಟು. ಮೊದಲ ದಿನವೇ ಹಳದಿ ಕಂಡರೆ, ಅಥವಾ ಅದು ಕೈಕಾಲಿಗೂ ಇಳಿದರೆ ವೈದ್ಯರಿಗೆ ತೋರಿಸಬೇಕು, ಬೆಳಗಿನ ಎಳೆಬಿಸಿಲನ್ನು ನೆಚ್ಚಿ ಕೂರಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಆಸ್ಪತ್ರೆಯಲ್ಲೇ.

ಇಲ್ಲೊಂದು ತಮಾಷೆಯಿದೆ. ಮಗು ಹುಟ್ಟಿದ ಗಳಿಗೆಯಲ್ಲಿ ಅಪ್ಪನ ಕೈಯಿಂದಲೇ ನಡೆಯಬೇಕೆಂದು ಶಾಸ್ತ್ರ ವಿಧಿಸಿದ್ದ ಸಂಸ್ಕಾರ ಜಾತಕರ್ಮ: ಜೇನು, ತುಪ್ಪಗಳಲ್ಲಿ ಚಿನ್ನ ತೇದು ನಾಲಗೆಗೆ ಮುಟ್ಟಿಸುವುದು. ವರ್ಷ ತುಂಬುವ ತನಕ ಮಗುವಿಗೆ ಜೇನು ಸೋಕಿಸಬಾರದೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಗರುಳಲ್ಲಿ ಬೆಳೆದು ವಿಷ ಕಾರುತ್ತದೆ. ಹಾಗಾಗಿ ಇದ್ದ ಒಂದು ಅಧಿಕಾರವೂ ಹೋಯಿತು. ಅದರ ಬದಲಿಗೆ ಆಸ್ಪತ್ರೆಗಳು ಇನ್ನೊಂದನ್ನು ಕೊಟ್ಟಿವೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯ ಕೂಸುಗಳನ್ನು ತಾಯಂದಿರ ಬರಿಮೈಗೆ ಕಟ್ಟಿಸಿದರು. ಕಾಂಗರೂ ಆರೈಕೆಯೆಂದು ಹೆಸರಾದ ಈ ಪದ್ಧತಿಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ವ್ಯಾಪಕವಾಗಿ ಜಾರಿಗೆ ತಂದಿದ್ದಾರೆ. ತಾಯಿ ದಣಿದಾಗ ಆ ಜಾಗಕ್ಕೆ ಅಪ್ಪ ಬರಬಹುದು. ಅಂಗಿಯ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡು, ಮೇಲೊಂದು ಹೊದಿಕೆ ಹಾಕಿಕೊಂಡು ಸುಮ್ಮನೆ ಕೂರುವುದು. ನಮ್ಮ ಗಂಡಸರಿಗೆ ಕಷ್ಟವಾಗುವುದು ಬರಿಮೈಯಲ್ಲ, ಸುಮ್ಮನೆ ಕೂರುವುದು.

ಕಾಗದಪತ್ರದ ಕೆಲಸ ಪೂರ್ತಿ ಅಪ್ಪನದೇ ಎಂದು ಎಲ್ಲರೂ ಒಪ್ಪುತ್ತಾರೆ. 1969ರ ಕಾಯ್ದೆಯಂತೆ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅವರೇ ಮಾಹಿತಿ ಕಳಿಸುತ್ತಾರೆ, ಕಾಗುಣಿತ ಪರಿಶೀಲಿಸುವುದು ಇವನ ಕೆಲಸ. ಹೆಸರು ಗೊತ್ತಾಗದಿದ್ದರೆ ಬಿಟ್ಟು, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಈ ಅವಕಾಶವಿರುವುದು ಒಳ್ಳೆಯದೇ ಆಯಿತು. ಪುರುಡು ಕಳೆದು ನಾಮಕರಣದ ದಿನ ತೊಟ್ಟಿಲಲ್ಲಿ ಕೂಗುವ ಹೆಸರು, ನಕ್ಷತ್ರದ ಅಕ್ಷರದ ಹೆಸರು, ಅಜ್ಜನ ಹೆಸರು, ದಂಪತಿ ಇಂಟರ್‌ನೆಟ್ಟಿನಲ್ಲಿ ಹುಡುಕಿದ ಹೆಸರು ನಾಲ್ಕೂ ಬೇರೆ ಬೇರೆ. ಇನಿಷಿಯಲ್ ಅನ್ನು ಹಿಂದಿಡುವುದೋ ಮುಂದಿಡುವುದೋ, ಬಿಡಿಸಿ ಬರೆಯುವುದೋ ಎಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳಬೇಕು. ಅಪ್ಪನ ಹೆಸರು, ಊರಿನ ಹೆಸರು ಎರಡನ್ನೂ ಒಂದೊಂದು ಅಕ್ಷರದಲ್ಲಿ ಅಡಗಿಸಿಟ್ಟುಕೊಂಡ ಕನ್ನಡಿಗರು ಪಾಸ್‌ಪೋರ್ಟಿನ ಕಿಟಕಿಯ ಮುಂದೆ ಪಟ್ಟ ಪಾಡು ಅವರ ಮಕ್ಕಳಿಗೆ ಬೇಡ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ದಾಖಲೆ.

ರಜೆಯ ಲೆಕ್ಕ ಚಿಕ್ಕದು, ಏಕೆಂದರೆ ರಜೆಯೇ ಚಿಕ್ಕದು. 2017ರ ತಿದ್ದುಪಡಿಯಿಂದ ಅಮ್ಮನಿಗೆ 26 ವಾರ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ, ಅದನ್ನು ಹೆರಿಗೆಯಾಗಿ ಆರು ತಿಂಗಳೊಳಗೆ ಬಳಸಬಹುದು. ಖಾಸಗಿ ಕೆಲಸದವನಿಗೆ ಕಂಪನಿ ಕೊಟ್ಟಷ್ಟು. ಇದ್ದ ರಜೆಯನ್ನೆಲ್ಲ ಹುಟ್ಟಿದ ವಾರದಲ್ಲಿ, ಮನೆತುಂಬ ಜನರಿರುವಾಗ, ಲಾಡು ಹಂಚುತ್ತ ಕಳೆಯುವವರೇ ಹೆಚ್ಚು. ಸಾಧ್ಯವಿದ್ದರೆ ದೊಡ್ಡ ಪಾಲನ್ನು ಹೆಂಡತಿ ಮಗು ಮನೆಗೆ ಬರುವ ದಿನಕ್ಕೆ ಉಳಿಸಿಕೊಳ್ಳಬೇಕು. ಅಂದು ಅತ್ತೆ ಇರುವುದಿಲ್ಲ.

ಅದಕ್ಕೆ ಮುಂಚೆ ತವರಿನ ಬಾಣಂತನದ ನಡುವೆಯೇ ಅವನು ಒಂದೆರಡು ಕೆಲಸಗಳನ್ನು ಕಿತ್ತುಕೊಳ್ಳಬೇಕು. ಕಾಲು ನೀಡಿ ಕುಳಿತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುವ ಅಜ್ಜಿಯ ವಿದ್ಯೆಗೆ ಕೈ ಹಾಕುವುದು ಬೇಡ. ಅದಕ್ಕೆ ಜನ್ಮಾಂತರದ ಧೈರ್ಯ ಬೇಕು. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ, ಅಂಟಿನ ಉಂಡೆಗಳ ವಿಷಯದಲ್ಲೂ ಅವನ ಅಭಿಪ್ರಾಯ ಯಾರಿಗೂ ಬೇಕಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ದಟ್ಟವಾದಾಗ ಒಂದು ಕಿಟಕಿ ತೆರೆದರೆ ಸಾಕು, ಭಾಷಣ ಬೇಡ. ಅವನಿಗೆ ಒಪ್ಪುವ ಕೆಲಸ ತೇಗಿಸುವುದು. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ, ಬೆನ್ನು ಸವರುತ್ತ ಅಂಗಳದಲ್ಲಿ ತಿರುಗುವುದಕ್ಕೆ ಅಗಲ ಹೆಗಲು ಬಲು ಅನುಕೂಲ. ಹೆಗಲ ಮೇಲೆ ಬಟ್ಟೆಯಿರಲಿ. ಇನ್ನೊಂದು, ರಾತ್ರಿ ಎರಡರ ಲಂಗೋಟಿ. ಆ ಹೊತ್ತಿನಲ್ಲಿ ಎದ್ದ ಅಳಿಯನನ್ನು ತಡೆಯುವಷ್ಟು ಮರ್ಯಾದೆ ಯಾವ ಅತ್ತೆಗೂ ಉಳಿದಿರುವುದಿಲ್ಲ. ಮೂರನೆಯದು ಜೋಗುಳ. ಗಂಡಸಿಗೆ ಇದೆಲ್ಲ ಒಗ್ಗುವುದಿಲ್ಲವೆಂದು ಹಿಂಜರಿಯುವವನು ಕನ್ನಡ ನಾಡಿನ ಮನೆಮನೆಯಲ್ಲಿ ಹಾಡುವ ಕೃಷ್ಣನ ಜೋಗುಳ ಪುರಂದರದಾಸರದು, ಮಕ್ಕಳ ತುತ್ತೂರಿಯ ಹಾಡು ಜಿ.ಪಿ. ರಾಜರತ್ನಂ ಅವರದು ಎಂದು ನೆನೆದುಕೊಳ್ಳಬಹುದು. ಶ್ರುತಿ ತಪ್ಪಿದರೆ ಮಗು ಆಕ್ಷೇಪಿಸುವುದಿಲ್ಲ. ಆಕ್ಷೇಪಿಸಿದರೆ ಅದಕ್ಕೆ ಹಸಿವು.

ಕೆಲವು ವಿಷಯಗಳಲ್ಲಿ ತಮಾಷೆ ಸಲ್ಲದು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ಹೊತ್ತಿಗೆ ಆಸ್ಪತ್ರೆ. ಮಲಗಿಸುವುದು ಅಂಗಾತ, ಮೆತ್ತೆ ದಿಂಬುಗಳಿಲ್ಲದೆ. ಆರನೆಯ ವಾರದ ಸುಮಾರಿಗೆ ಅಳು ಅದರ ತುತ್ತತುದಿಗೇರುತ್ತದೆ, ಸಂಜೆಯಾದರೆ ಕಾರಣವೇ ತಿಳಿಯುವುದಿಲ್ಲ. ತಾಳ್ಮೆ ಕೆಟ್ಟರೆ ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ ಎರಡು ನಿಮಿಷ ಹೊರಗೆ ಹೋಗಬೇಕು, ಅಲುಗಾಡಿಸಲೇಬಾರದು. ಬಾಣಂತಿ ಸುಮ್ಮಸುಮ್ಮನೆ ಅಳುವುದು ಮೊದಲೆರಡು ವಾರ ಸಹಜ. ಆಮೇಲೂ ಅವಳು ಮಂಕಾಗಿಯೇ ಇದ್ದರೆ, ಮಗುವಿನ ಕಡೆ ನೋಡದಿದ್ದರೆ, ನಿದ್ದೆ ಬಿಟ್ಟರೆ, ‘ಎಲ್ಲರೂ ಹೆತ್ತಿಲ್ವಾ’ ಎನ್ನುವವರ ಬಾಯಿ ಮುಚ್ಚಿಸಿ ಅವಳನ್ನು ವೈದ್ಯರ ಹತ್ತಿರ ಕರೆದೊಯ್ಯುವುದು ಗಂಡನ ಕೆಲಸ. ಫೋನಿನಲ್ಲಿ ‘ಊಟ ಆಯ್ತಾ’ ಎಂಬ ಒಂದೇ ಪ್ರಶ್ನೆ ಕೇಳುವವನಿಗೆ ಇದು ಗೊತ್ತಾಗುವುದೇ ಇಲ್ಲ.

ಮಗು ಮನೆಗೆ ಬರುವ ಹೊತ್ತಿಗೆ ತೊಟ್ಟಿಲ ಪ್ರಶ್ನೆ ಏಳುತ್ತದೆ. ಹುಟ್ಟುವ ಮುಂಚೆ ಕೊಳ್ಳಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿರುವುದರಿಂದ ಎಲ್ಲವೂ ಕೊನೆಯ ವಾರದ ಓಡಾಟ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಮನಸ್ಸು ಸೆಳೆಯುತ್ತದೆ; ಬೆಲೆ, ಫ್ಲ್ಯಾಟಿನ ಅಗಲ ಎರಡನ್ನೂ ನೋಡಿ ಬಹಳಷ್ಟು ಜನ ಸೀರೆಯ ಜೋಲಿಗೆ ಬರುತ್ತಾರೆ. ಚನ್ನಪಟ್ಟಣದ ಗಿಲಕಿ ಒಂದಿರಲಿ. ಉಳಿದ ಆಟದ ಸಾಮಾನು ನೆಂಟರೇ ತರುತ್ತಾರೆ, ಬಹುಪಾಲು ಮೂರು ವರ್ಷ ದಾಟಿದವರಿಗೆ ಆಗುವಂಥದ್ದು. 6, 10 ಮತ್ತು 14ನೆಯ ವಾರದ ಚುಚ್ಚುಮದ್ದಿಗೆ ಮಗುವನ್ನು ತೊಡೆಯ ಮೇಲೆ ಹಿಡಿದು ಕೂರುವುದು ಸಾಮಾನ್ಯವಾಗಿ ಅಪ್ಪನ ಪಾಲಿಗೆ ಬರುತ್ತದೆ, ಅಮ್ಮ ಆ ಗಳಿಗೆಯಲ್ಲಿ ಗೋಡೆಯ ಪೋಸ್ಟರ್ ಓದುತ್ತಿರುತ್ತಾಳೆ.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ರಾಗಿ ಸರಿ, ಅದನ್ನು ಅಪ್ಪನೇ ಮಾಡಬಹುದು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಶೋಧಿಸಬೇಕು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಸರಿ ನುಣ್ಣಗೆ ಬರುತ್ತದೆ. ನಡುವೆ ಫೋನ್ ಎತ್ತಿಕೊಂಡರೆ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಬಟ್ಟಲನ್ನು ಅಪ್ಪ ತಾನೇ ತಿಂದು, ಮಗುವಿಗೆ ಬೇರೆ ಮಾಡಬೇಕು.